ಮೂತಿ ತಿರುಗಿದ ಕಾರು

ವಿಜ್ಞಾನದ ಮೇಷ್ಟ್ರ ಕಾರು ಓಡುತ್ತಿದ್ದುದು ಕಂಪ್ಯೂಟರಿನ ಪರದೆಯ ಮೇಲೆ. ನೋಡಲು ಬರೀ ಕೆಂಪು ಡಬ್ಬಿ. ಕೆಳಗಿನ ಗುಂಡಿಯನ್ನು ಬಲಕ್ಕೆ ಜರುಗಿಸಿದರೆ ಕಾರು ಬಲಕ್ಕೆ, ಸೊನ್ನೆ ದಾಟಿಸಿ ಎಡಕ್ಕೆ ಎಳೆದರೆ ಎಡಕ್ಕೆ. ಬಲಕ್ಕೆ ಹೋದರೆ ವೇಗ ಪ್ಲಸ್, ಎಡಕ್ಕೆ ಹೋದರೆ ಮೈನಸ್. ಚಲನೆಯ ಪಾಠಕ್ಕೆಂದು ಪಾಪ, ರಜೆಯನ್ನೆಲ್ಲ ಹಾಳುಮಾಡಿಕೊಂಡು ತಯಾರಿಸಿದ್ದರು. ಇವತ್ತು ಹೆಡ್ ಮೇಡಂ ಪಾಠ ಮೆಚ್ಚಿದರೆ ಕೆಲಸ ಖಾಯಂ. ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು.

ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಇಣುಕಿ ನೋಡಿ ಮೂಗು ಮುರಿದರು. "ಇದೇನ್ರೀ, ಸೋಪಿನ ಡಬ್ಬಿ ಓಡ್ತಾ ಇದೆ! ಕೊಡಿ ಇಲ್ಲಿ, ಒಂಚೂರು ಕಳೆ ತುಂಬ್ತೀನಿ."

"ಬೇಡಿ ಸಾರ್, ನಿಮ್ಮ ದಮ್ಮಯ್ಯ!"

"ನೀವು ಟೀ ಕುಡಿದು ಬನ್ರೀ ಸುಮ್ನೆ."

ಟೀ ಕುಡಿದು ಬರುವಷ್ಟರಲ್ಲಿ ಗಂಟೆ ಹೊಡೆದೇಬಿಟ್ಟಿತು. ತೆರೆದು ನೋಡಲೂ ಪುರುಸೊತ್ತು ಸಿಗಲಿಲ್ಲ.

ಹೆಡ್ ಮೇಡಂ ಹಿಂದಿನ ಬೆಂಚಿನಲ್ಲಿ ಕೂತು ಕನ್ನಡಕ ಏರಿಸಿದರು. ಪರದೆ ಬೆಳಗಿತು. ಕಾರಿಗೆ ಈಗ ದೀಪ, ಬಾಗಿಲು, ಕಿಟಕಿಯಲ್ಲಿ ದಪ್ಪ ಮೀಸೆಯ ಡ್ರೈವರ್. ಎಲ್ಲ ಚೆಂದವೇ, ಆದರೆ ಮೂತಿ ಎಡಕ್ಕೆ!

ಅಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿ ಓಡಿಬಂದು ಗುಂಡಿಯನ್ನು ಬಲಕ್ಕೆ ಜರುಗಿಸಿಯೇಬಿಟ್ಟಳು. ಕಾರು ಹಿಂದುಹಿಂದಕ್ಕೆ ಬಲಗಡೆ ಹೊರಟಿತು. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಗಾಬರಿಯಲ್ಲಿ ಗುಂಡಿಯನ್ನು ಎಡಕ್ಕೆ ಎಳೆದರು. ಕಾರೇನೋ ನೆಟ್ಟಗೆ ಓಡಿತು, ಆದರೆ ವೇಗದ ಅಂಕಿಯ ಮುಂದೆ ಮೈನಸ್ಸು ಬಂದು ಕೂತಿತು.

"ಇದ್ಯಾವ ಲೆಕ್ಕ ರೀ? ಹಿಂದಕ್ಕೆ ಹೋದ್ರೆ ಪ್ಲಸ್ಸು, ಮುಂದಕ್ಕೆ ಹೋದ್ರೆ ಮೈನಸ್ಸು?" ಎಂದರು ಮೇಡಂ.

ಮುಗಿಯಿತು ಕತೆ ಅಂದುಕೊಂಡರು ಮೇಷ್ಟ್ರು.

ಹುಡುಗಿಯೇ ಬಾಯಿ ಹಾಕಿದಳು. "ಮೂತಿ ಎತ್ತ ಇದ್ರೇನು ಮೇಡಂ? ಬಲಗಡೆ ಪ್ಲಸ್ ಅಂತ ಮೊದಲೇ ಇಟ್ಕೊಂಡಿದೀವಲ್ಲ. ರಿವರ್ಸಲ್ಲಿ ಬಲಕ್ಕೆ ಹೋದ್ರೂ ಪ್ಲಸ್ಸೇ!"

ಮೇಡಂ ಕನ್ನಡಕ ತೆಗೆದರು. "ಅಯ್ಯೋ, ನಾನು ಓದೋವಾಗ ಇದು ತಲೆಗೇ ಹತ್ತಿರಲಿಲ್ಲ! ಮೇಷ್ಟ್ರೇ, ನಿಮ್ಮ ಕೆಲಸ ಖಾಯಂ ಕಣ್ರೀ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಅಬ್ಬಾ ಎಂದು ಕುರ್ಚಿಯಲ್ಲಿ ಕುಸಿದರು.

"ಅಂದ್ಹಾಗೆ, ಮೂತಿ ತಿರುಗಿಸೋ ಐಡಿಯಾ ಯಾರದು?"

"ನಂದೇ ಮೇಡಂ!" ಬಾಗಿಲಲ್ಲಿ ನಿಂತಿದ್ದ ಡ್ರಾಯಿಂಗ್ ಮೇಷ್ಟ್ರು ಎದೆಯುಬ್ಬಿಸಿದರು.

"ಹಾಗಾದ್ರೆ ಇನ್ಮೇಲೆ ಎಲ್ಲ ಪಾಠಕ್ಕೂ ನೀವೇ ಬಿಡಿಸಿ. ಇವರು ನೀವು ಹೇಳಿದ ಹಾಗೆ ಓಡಿಸ್ತಾರೆ. ನಾಳೆ ಆಡಳಿತ ಮಂಡಳಿಯವರನ್ನೂ ಕರ್ಕೊಂಡು ಬರ್ತೀನಿ," ಎಂದು ಮೇಡಂ ಹೊರಟರು.

ಡ್ರಾಯಿಂಗ್ ಮೇಷ್ಟ್ರು ಬಂದು ಹೆಗಲ ಮೇಲೆ ಕೈಹಾಕಿದರು. "ನಾಳೆ ಮೇಲಿಂದ ಬೀಳೋ ಕಲ್ಲಿನ ಪಾಠ ಅಲ್ವಾ? ಚಿಂತೆ ಬಿಡಿ, ಆಗಲೇ ಬಿಡಿಸಿಟ್ಟಿದೀನಿ. ಪಾಪ, ಪೆಟ್ಟಾಗಬಾರ್ದು ಅಂತ ಕಲ್ಲಿಗೆ ಎರಡು ರೆಕ್ಕೆ ಹಾಕಿದೀನಿ."