ಗಂಜಿ ಕುಡಿದ ಮೀನುಗಳು

ನಮ್ಮ ಸೋದರಮಾವನಿಗೆ ಆನೆಯೆಂದರೆ ಭಯವಿಲ್ಲ. ಮೆಟ್ಟುಪಾಳ್ಯದ ಅಂಚಿನ ಅವರ ಬೀದಿಗೆ ಒಮ್ಮೆ ಬೆಟ್ಟದಿಂದ ಆನೆ ಇಳಿದಾಗ ನೆರೆಹೊರೆಯೆಲ್ಲ ಮಹಡಿ ಹತ್ತಿದರೆ, ಇವರು ಜಗಲಿಯಲ್ಲಿ ಕೂತು ಕಾಫಿ ಮುಗಿಸಿದರಂತೆ! ಅಂಥ ಧೀರರ ಕೈಕಾಲು ನಡುಗಿಸಲು ಗಾಜಿನ ತೊಟ್ಟಿಗೆ ಅಂಟಿಸಿದ ಬೆರಳುದ್ದದ ಥರ್ಮಾಮೀಟರು ಸಾಕು. ಅದು ಇಪ್ಪತ್ತೈದು ದಾಟಿತೋ, ಮುಗಿಯಿತು ಕಥೆ!

ತೊಟ್ಟಿಯಲ್ಲಿರುವುದು ಒಂಬತ್ತು ಮೀನು. ಒಂದೊಂದೂ ಕರಿಬೇವಿನ ಎಲೆಯಷ್ಟು, ಬಾಲ ಕೆಂಪು. ತಣ್ಣನೆಯ ಹಳ್ಳದ ಜಾತಿ. ಬಿಸಿನೀರೂ ಆಗದು, ಒಂಟಿತನವೂ ಆಗದು. ಗುಂಪು ತಪ್ಪಿದರೆ ಹೆದರಿ ಮೇವು ಬಿಡುತ್ತವೆ ಎಂದು ಅಂಗಡಿಯವನು ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಮೀನುಗಳ ಹೆದರಿಕೆಯನ್ನೆಲ್ಲ ಮಾವನೇ ವಹಿಸಿಕೊಂಡರು.

ಫ್ರಿಜ್ಜಿನ ತುಂಬ ಹೆಪ್ಪುಗಟ್ಟಿದ ನೀರಿನ ಬಾಟಲಿಗಳು. ಬಿಸಿಲೇರಿದಂತೆ ಒಂದೊಂದನ್ನೇ ತೊಟ್ಟಿಯಲ್ಲಿ ತೇಲಿಬಿಡಬೇಕು. "ನಮ್ಮನೇಲಿ ಹಾಲು ಕೆಟ್ರೂ ಪರವಾಗಿಲ್ಲ, ಮೀನು ಬೆವರ್ಬಾರ್ದು!" ಎಂದು ಅತ್ತೆ ಗೊಣಗುತ್ತಿದ್ದರು. ಕುಕ್ಕರ್ ಕೂಗಿದರೆ ಮೀನು ಬೆಚ್ಚುತ್ತವೆಂದು ಅದನ್ನು ಹಿತ್ತಿಲಿಗೆ ಅಟ್ಟಲಾಯಿತು. ಹಾಗಾದರೆ ಪಕ್ಕದ ಕೋಣೆಯಲ್ಲಿ ದಿನವಿಡೀ ಬಡಿಯುವ ಮಾವನ ಮಗ್ಗದ ಸದ್ದು? "ಅದು ಅವಕ್ಕೆ ಪಳಕ ಆಗೋಯ್ತು," ಎನ್ನುತ್ತಿದ್ದರು ಮಾವ. ಅನ್ನ ಕೊಡುವ ಮಗ್ಗವಲ್ಲವೇ, ಅದಕ್ಕೆ ಮಾಫಿ!

ಬೆಳಿಗ್ಗೆ ಎದ್ದೊಡನೆ ಹಾಜರಿ. ಓಡಾಡುವ ಮೀನನ್ನು ನೀವು ಎಣಿಸಿ ನೋಡಿದ್ದೀರಾ? ಒಮ್ಮೆ ಎಂಟೇ ಸಿಕ್ಕಿತೆಂದು ಮಾವ ಸೋಫಾ ಸರಿಸಿ, ಕಾಲೊರಸು ಕೊಡವಿ, ಕೊನೆಗೆ ಬೆಕ್ಕಿನ ಬಾಯಿಯನ್ನೂ ಬಿಡಿಸಿ ನೋಡಿದರು. ಒಂಬತ್ತನೆಯದು ಕಲ್ಲಿನ ಹಿಂದೆ ಆರಾಮವಾಗಿತ್ತು. ಬೆಕ್ಕು ಮಾತ್ರ ಮೂರು ದಿನ ಆ ಕಡೆ ಸುಳಿಯಲಿಲ್ಲ.

ಈ ಬೇಸಿಗೆಯಲ್ಲಿ ಅತ್ತೆಯ ಹೃದಯಕ್ಕೆ ಆಪರೇಷನ್ ಆಗಬೇಕೆಂದರು. ಮಕ್ಕಳಿಲ್ಲದ ಮನೆ, ಇರುವುದು ಅವರಿಬ್ಬರೇ. ಮಾವ ಅತ್ತೆಯನ್ನು ಕರೆದುಕೊಂಡು ಕೊಯಮತ್ತೂರಿನ ಆಸ್ಪತ್ರೆಗೆ ಹೊರಟರು. ಮನೆ ಕಾಯಲು ಬಂದ ನನ್ನ ಪಾಲಿಗೆ ಮೀನು ಬಂದವು. ಹೊರಡುವಾಗ ಅತ್ತೆಯ ಬಗ್ಗೆ ಒಂದೇ ಒಂದು ಮಾತಿಲ್ಲ! ನನ್ನನ್ನು ಮುದ್ದಿನಿಂದ 'ಕಣ್ಣು' ಎಂದು ಕರೆದು ಹೇಳಿದ್ದು: "ಕರೆಂಟ್ ಹೋದ್ರೆ ಒದ್ದೆ ಬಟ್ಟೆ ಸುತ್ತು ಕಣ್ಣು. ಒಂಬತ್ತೂ ಒಟ್ಟಿಗೇ ಇರ್ಬೇಕು, ಗೊತ್ತಾಯ್ತಾ?" ಅಷ್ಟೇ. ಇವರೆಂಥ ಮನುಷ್ಯರಪ್ಪ ಎಂದು ನನಗೆ ಸಿಟ್ಟೇ ಬಂತು.

ಆಪರೇಷನ್ ದಿನವೇ ಕರೆಂಟ್ ಹೋಯಿತು, ಫ್ರಿಜ್ಜಿನ ಬಾಟಲಿಗಳೂ ಕರಗಿಹೋದವು. ಥರ್ಮಾಮೀಟರು ಇಪ್ಪತ್ತೊಂಬತ್ತಕ್ಕೆ ಏರಿತು. ಅವಸರದಲ್ಲಿ, ಮಾವ ಹೊರಡುವ ಮುನ್ನ ಮಗ್ಗದಿಂದ ಕೊಯ್ದಿಟ್ಟಿದ್ದ ಹೊಸ ಟವೆಲನ್ನು ನೆನೆಸಿ ತೊಟ್ಟಿಗೆ ಹೊದಿಸಿದೆ. ಅದರ ಅಂಚು ನೀರಿಗೆ ಇಳಿದದ್ದನ್ನು ನೋಡಲಿಲ್ಲ. ನೂಲಿಗೆ ಗಂಜಿ ಹಾಕಿ ನೇಯ್ದ ಬಟ್ಟೆ, ಇನ್ನೂ ಒಗೆದಿರಲಿಲ್ಲ! ಮಗ್ಗದ ಮನೆಯಲ್ಲಿ ಹುಟ್ಟಿದವಳಿಗೆ ಇಷ್ಟೂ ಹೊಳೆಯಬಾರದೇ? ಸ್ವಲ್ಪ ಹೊತ್ತಿಗೆ ನೀರು ಬೆಳ್ಳಗೆ ಕದಡಿತು. ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

ಅಷ್ಟರಲ್ಲಿ ಮಾವನ ಫೋನ್! "ಎಲ್ಲಾ ಒಟ್ಟಿಗೆ ಐತಾ?"

"ಐತೆ ಮಾಮಾ," ಎಂದು ಸುಳ್ಳು ಹೇಳಿದೆ.

ಗಂಜಿನೀರನ್ನು ಚೊಂಬಿನಲ್ಲಿ ಮೊಗೆಮೊಗೆದು ಚೆಲ್ಲಿ, ಮಡಕೆಯ ತಣ್ಣೀರು ತುಂಬಿದೆ. ಎಂಟು ಮೀನು ಚೇತರಿಸಿಕೊಂಡು ಗುಂಪುಗೂಡಿದವು. ಒಂದು ಮಾತ್ರ ಮೂಲೆಯಲ್ಲಿ ವಾಲಿಕೊಂಡು ನಿಂತಿತ್ತು. ಮತ್ತೆ ಫೋನ್ ಬಂತು. ಇನ್ನು ನನ್ನಿಂದಾಗಲಿಲ್ಲ.

"ಮಾಮಾ, ತಪ್ಪಾಗೋಯ್ತು. ಗಂಜಿ ಬಟ್ಟೆ ಹಾಕ್ಬಿಟ್ಟೆ. ಒಂದು ಮೀನು ಗುಂಪು ಬಿಟ್ಟು ತನಿಯಾ ನಿಂತೈತೆ."

ಬೈಗುಳಕ್ಕೆ ಕಾದು ನಿಂತೆ.

"ಪಾವ," ಎಂದು ಮರುಗಿದರು ಮಾವ. "ಗಾಜಿನ ಹತ್ರಾನೇ ನಿಂತ್ಕೋ ಕಣ್ಣು, ಅದಕ್ಕೆ ಬಯ ಆಗ್ತೈತೆ. ನಿಮ್ಮತ್ತೇನ ಒಳಗೆ ಕರ್ಕೊಂಡೋದ್ರು. ಕದ ಹಾಕ್ಬಿಟ್ರು. ಇಲ್ಲಿ ನಾನೊಬ್ನೇ ಇದ್ದೀನಿ. ನಂಗೂ ಬಯ ಆಗ್ತೈತೆ. ಫೋನ್ ಇಡ್ಬೇಡ."

ಇಡಲಿಲ್ಲ. ತೊಟ್ಟಿಯ ಪಕ್ಕದಲ್ಲೇ ನಿಂತೆ. ಆ ಮೂಲೆಯ ಮೀನು ನಿಧಾನವಾಗಿ ಕಿವಿರು ಆಡಿಸುತ್ತಿತ್ತು. ಮಾವ ಆಗಾಗ "ಇದ್ದೀಯಾ ಕಣ್ಣು?" ಎನ್ನುವರು. "ಇದ್ದೀನಿ ಮಾಮಾ," ಎನ್ನುವೆ. ಗಂಟೆಗಳು ಹಾಗೇ ಕಳೆದವು. ಕೊನೆಗೆ ಆ ಕಡೆ ಯಾರೋ ಅವರನ್ನು ಕೂಗಿದ್ದು ಕೇಳಿಸಿತು, ಕುರ್ಚಿ ಸರಿದ ಸದ್ದು ಕೇಳಿಸಿತು.

"ಬದುಕ್ಕೊಂಡ್ಳು ಕಣ್ಣು, ಬದುಕ್ಕೊಂಡ್ಳು!" ಎಂದು ಮಾವ ಗಳಗಳನೆ ಅತ್ತರು. ನನಗೂ ಅಳು ತಡೆಯಲಿಲ್ಲ. ಫೋನ್ ಇಡುವುದು ಇಬ್ಬರಿಗೂ ಮರೆತೇಹೋಗಿತ್ತು.