ಕೆಳಗಿನಪಾಳ್ಯದಲ್ಲಿ ಕೆರೆ ಇರಲೇ ಇಲ್ಲ

ಆ ದಿನದ ಅನಾಹುತಕ್ಕೆಲ್ಲ ಮೂಲ ವಿಶ್ವವಿದ್ಯಾಲಯದಿಂದ ಬಂದ ಮೇಡಂ ಕಂಕುಳಲ್ಲಿದ್ದ ಒಂದು ನಕ್ಷೆ. ಅದನ್ನು ಮಡಚಿ ಚೀಲದೊಳಗೆ ಇಟ್ಟುಕೊಂಡು ಬಂದಿದ್ದರೆ ಭಾನುಪ್ರಕಾಶನ ಬಾಳು ಒಂದು ದಡ ಸೇರುತ್ತಿತ್ತೋ ಏನೋ. ಅವರು ಅದನ್ನು ಚಾಪೆಯ ಹಾಗೆ ಸುರುಳಿ ಸುತ್ತಿ, ಎಲ್ಲರ ಕಣ್ಣಿಗೂ ಬೀಳುವ ಹಾಗೆ ಹಿಡಿದುಕೊಂಡು ಕಾರಿಂದ ಇಳಿದರು. ಜಿಗಣಿ ಆಚೆಯ ಕೆಳಗಿನಪಾಳ್ಯದಲ್ಲಿ ನಕ್ಷೆ ಬಂದ ಹಿಂದೆಯೇ ಒತ್ತುವರಿ ಮನೆ ಕೆಡವುವ ಜೆಸಿಬಿ ಬಂದದ್ದನ್ನು ಜನ ಕಂಡಿದ್ದರು. ಮೇಡಂ ಕಾರಿನ ಬಾಗಿಲು ಹಾಕುವಷ್ಟರಲ್ಲಿ ಸುದ್ದಿ ಊರು ಸುತ್ತಿ ಬಂದಿತ್ತು.

"ಸರ್ವೇದೋರು ಬಂದವ್ರೆ ಕಣ್ರೋ! ಯಾರಾನ ಕೆರೆ ಗಿರೆ ಅಂತ ಬಾಯಿಬಿಟ್ಟೀರಾ, ಉಷಾರು!"

ಭಾನುಪ್ರಕಾಶನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಅವನು ಇಸ್ತ್ರಿ ಹಾಕಿದ ಶರಟು ತೊಟ್ಟು, ಮದುವೆ ಗಂಡಿನ ಹಾಗೆ ನಗುತ್ತ ನಿಂತಿದ್ದ. ಇತಿಹಾಸದಲ್ಲಿ ಡಾಕ್ಟರೇಟ್ ಮಾಡಿ, ಅತಿಥಿ ಉಪನ್ಯಾಸಕನಾಗಿ ಕಾಲೇಜಿಂದ ಕಾಲೇಜಿಗೆ ಅಲೆದು, ಕೂದಲು ಮುಕ್ಕಾಲು ಉದುರಿಸಿಕೊಂಡ ಇದೇ ಊರಿನವನು ಅವನು. ಈಗ ಒಂದು ವಿಶ್ವವಿದ್ಯಾಲಯ ಪರಿಸರದ ಇತಿಹಾಸ, ವಿಜ್ಞಾನದ ಇತಿಹಾಸ ಎರಡೂ ಕೂಡಿದ ಪೋಸ್ಟ್ ಡಾಕ್ ಕೆಲಸಕ್ಕೆ ಒಬ್ಬರನ್ನು ಹುಡುಕುತ್ತಿತ್ತು. ಊರವರ ಬಾಯಲ್ಲಿ ಅದು "ಓದಾದ್ಮೇಲೂ ಓದೋ ಕೆಲ್ಸ". ಕೆರೆಯ ನೀರನ್ನು ಹಳ್ಳಿಯವರು ಹೇಗೆ ಅಳೆಯುತ್ತಿದ್ದರು, ಇಂಜಿನಿಯರುಗಳ ಅಳತೆಪಟ್ಟಿ ಬಂದಮೇಲೆ ಆ ಜ್ಞಾನ ಎಲ್ಲಿ ಹೋಯಿತು ಎಂಬುದು ವಿಷಯ. ಕೊನೆಗೆ ಇಬ್ಬರು ಉಳಿದಿದ್ದರು. ಅವನ ವಯಸ್ಸಿಗೆ ಇದೇ ಕಡೆಯ ಅವಕಾಶ. ಇವತ್ತು ಆಯ್ಕೆ ಮಾಡುವ ಮೇಡಂ ಊರವರ ಬಾಯಿಂದ ಕೆರೆಯ ಬಗ್ಗೆ ಒಂದು ಮಾತು ಕೇಳಿ ಒಪ್ಪಿದರೆ ಸಾಕಿತ್ತು.

ಮೊದಲು ಗಂಗಪ್ಪನ ಮನೆಗೆ ಹೋದರು. ಗಂಗಪ್ಪನ ವಂಶದವರು ತಲೆಮಾರುಗಳಿಂದ ನೀರುಗಂಟಿಗಳು. ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವುದೇ ಅವರ ಕಸುಬಾಗಿತ್ತು.

"ತಾತ, ನಿಮ್ಮಪ್ಪ ಕೆರೆ ನೀರು ಹೆಂಗೆ ಅಳೀತಿದ್ರು ಅಂತ ಮೇಡಂಗೆ ಹೇಳಿ."

ಗಂಗಪ್ಪ ನಕ್ಷೆಯನ್ನು ನೋಡಿದ, ಆಕಾಶ ನೋಡಿದ. "ಕೆರೆನಾ? ಯಾವ ಕೆರೆ? ನಮ್ಮಪ್ಪ ಟೈಲರ್ರು ಕಣಪ್ಪ. ಅಳೀತಿದ್ದದ್ದು ಬಟ್ಟೆ."

ಭಾನುಪ್ರಕಾಶನ ನಗು ಮುಖದ ಮೇಲೆಯೇ ಒಣಗಿತು. ಮೇಡಂ ಮಾತ್ರ ತಾಳ್ಮೆಯಿಂದ ಸುತ್ತ ಕಣ್ಣಾಡಿಸಿದರು.

"ಯಜಮಾನರೇ, ಎಲ್ಲರ ಮನೆ ಹೊಸ್ತಿಲೂ ಮೊಣಕಾಲೆತ್ತರ ಇದೆಯಲ್ಲ, ಮಳೆಗಾಲದಲ್ಲಿ ನೀರು ನುಗ್ಗುತ್ತಾ?"

"ಚೆ, ಎಲ್ಲಾದ್ರೂ ಉಂಟಾ! ದೃಷ್ಟಿ ತಾಗ್ದೇ ಇರ್ಲಿ ಅಂತ."

"ಗೋಡೆ ಮೇಲೆ ಸೊಂಟದವರೆಗೆ ಕಪ್ಪು ಗೆರೆ ಇದೆಯಲ್ಲ?"

"ಅದು ಬಣ್ಣ ಮೇಡಂ. ಈವಾಗ ಅದೇ ಫ್ಯಾಷನ್ನು."

ಮನೆಯ ಪಕ್ಕದಲ್ಲೇ ಕಾರ್ಖಾನೆಗಳ ಕರಿನೀರು ನೊರೆ ಕಟ್ಟಿಕೊಂಡು ಹರಿಯುತ್ತಿತ್ತು. ವಾಸನೆಗೆ ಮೇಡಂ ಸೆರಗನ್ನು ಮೂಗಿಗೆ ಹಿಡಿದರು. ಗಂಗಪ್ಪ ಮಲ್ಲಿಗೆ ತೋಟದಲ್ಲಿ ಕೂತವನ ಹಾಗೆ ನೆಮ್ಮದಿಯಾಗಿ ಉಸಿರೆಳೆದುಕೊಂಡ.

ಪಕ್ಕದ ಮನೆಯ ನಾಗಲಕ್ಷ್ಮಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಅವಳ ಗಂಡ ಕೆರೆ ಕೋಡಿ ಬಿದ್ದ ವರ್ಷ, ಹಸು ಬಿಡಿಸಲು ಹೋಗಿ ಅದೇ ನೀರಲ್ಲಿ ಮುಳುಗಿ ಸತ್ತವನು. ವರ್ಷಕ್ಕೊಮ್ಮೆ ಅವಳು ಏರಿಯಿದ್ದ ಜಾಗಕ್ಕೆ ಹೋಗಿ ಎಡೆ ಇಟ್ಟು ಬರುತ್ತಿದ್ದುದನ್ನು ಭಾನುಪ್ರಕಾಶ ಚಿಕ್ಕಂದಿನಿಂದ ನೋಡಿದ್ದ. ಕೇಳಬಾರದ್ದು ಎಂದು ಗೊತ್ತಿದ್ದೂ ಕೇಳಿಬಿಟ್ಟ.

"ದೊಡ್ಡಮ್ಮ, ನೀನಾದ್ರೂ ನಿಜ ಹೇಳು. ದೊಡ್ಡಪ್ಪ ಎಲ್ಲಿ ತೀರ್ಕೊಂಡ್ರು?"

ಅವಳ ಬೆರಳು ನಿಂತವು. ಮೂರು ಅಂತಸ್ತಿನ ತನ್ನ ಮನೆಯನ್ನೂ, ಮೇಲೆ ಬಾಡಿಗೆದಾರರು ಒಣಹಾಕಿದ್ದ ಬಟ್ಟೆಗಳನ್ನೂ ಒಮ್ಮೆ ನೋಡಿದಳು. ಆಮೇಲೆ ತಲೆ ತಗ್ಗಿಸಿ ಹೇಳಿದಳು:

"ಬಚ್ಚಲಲ್ಲಿ. ಜಾರಿ ಬಿದ್ದು."

ಅವರೆಕಾಯಿ ಮತ್ತೆ ಸಿಡಿಯತೊಡಗಿತು.

ಮೇಡಂ ನಕ್ಷೆಯನ್ನು ಮತ್ತೆ ಕಂಕುಳಿಗೆ ಸೇರಿಸಿದರು. "ಭಾನುಪ್ರಕಾಶ್, ನೀವು ಅರ್ಜಿಯಲ್ಲಿ ಬರೆದದ್ದೆಲ್ಲ ಈ ಊರಿನದೇನಾ?"

ಅಲ್ಲಿಗೆ ಅವನ ತಾಳ್ಮೆ ಹರಿಯಿತು. "ಬನ್ನಿ ಮೇಡಂ" ಎಂದವನೇ ಅವರನ್ನು ನೇರ ತನ್ನ ಮನೆಯ ಹಿತ್ತಲಿಗೆ ಕರೆದುಕೊಂಡು ಹೋದ. ಅವನ ಅಪ್ಪ ಲಕ್ಷ್ಮಯ್ಯ ಎದುರಿಗೆ ಓಡಿಬಂದು, "ಕೆರೆ ಇರ್ಲಿಲ್ಲ ಮೇಡಂ, ದೇವ್ರಾಣೆಗೂ ಇರ್ಲಿಲ್ಲ" ಎಂದು ಕೇಳುವ ಮೊದಲೇ ಆಣೆ ಹಾಕಿದ. ಮಗ ಕೇಳಿಸಿಕೊಳ್ಳಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲಿದ್ದ ಬಕೀಟನ್ನು ಒದ್ದು ಉರುಳಿಸಿದ.

"ನೋಡಿ ಮೇಡಂ, ತೂಬಿನ ಕಲ್ಲು! ಈ ಗೀಟುಗಳೇ ನೀರಿನ ಅಳತೆ. ನಮ್ಮ ಮನೆ ನಿಂತಿರೋದೇ ಕೆರೆ ಒಳಗೆ!"

ಬೇಲಿಯಾಚೆ ಸಾಲಾಗಿ ನಿಂತಿದ್ದ ತಲೆಗಳು ಒಟ್ಟಿಗೇ ಕೆಳಗಿಳಿದವು. ಲಕ್ಷ್ಮಯ್ಯ ಹಣೆ ಚಚ್ಚಿಕೊಂಡ. "ಮನೆಹಾಳ! ಇದಕ್ಕೇ ಏನ್ಲಾ ನಿನ್ನ ಓದಿಸಿದ್ದು?"

ಮೇಡಂ ಮಾತ್ರ ಹಬ್ಬದ ದಿನದ ಮಗುವಿನಂತಾದರು. ಮಂಡಿಯೂರಿ ಕೂತು ಗೀಟುಗಳನ್ನು ಸವರಿದರು, ಫೋಟೋ ತೆಗೆದರು. "ಅದ್ಭುತ! ಕೆಲಸ ಈ ಊರಿನಲ್ಲೇ ಆಗಬೇಕು" ಎಂದರು. ಭಾನುಪ್ರಕಾಶನ ಎದೆ ಪೂರಿಯಂತೆ ಉಬ್ಬಿತು. ಅಷ್ಟರಲ್ಲಿ ಅವರು ಎದ್ದು ಸೀರೆ ಕೊಡವಿಕೊಂಡರು.

"ಆದರೆ ನಿಮಗೆ ಕೊಡೋಕಾಗಲ್ಲವಲ್ಲ ಭಾನುಪ್ರಕಾಶ್. ಅಧ್ಯಯನದ ಜಾಗದಲ್ಲಿ ಕುಟುಂಬದ ಆಸ್ತಿ ಇರುವವರನ್ನ ತಗೊಳ್ಳಬಾರದು ಅಂತ ನಿಯಮ ಇದೆ. ಮನೆ ಕೆರೆಯಲ್ಲೇ ಇದೆ ಅಂತ ನೀವೇ ಹೇಳಿಬಿಟ್ಟಿರಿ."

ಕಾರು ಧೂಳೆಬ್ಬಿಸಿಕೊಂಡು ಹೋಯಿತು. ಗಂಗಪ್ಪ ಅವನನ್ನು ಕಂಡು ಬಾಗಿಲು ಹಾಕಿಕೊಂಡ. ನಾಗಲಕ್ಷ್ಮಮ್ಮ ಅವನತ್ತ ತಿರುಗಿಯೂ ನೋಡಲಿಲ್ಲ. ಅದೇ ಅವನನ್ನು ಹೆಚ್ಚು ಚುಚ್ಚಿತು.

ಸಂಜೆ ಅವನ ಫೋನು ಹೊಡೆದುಕೊಂಡಿತು. ಕೆಲಸ ಸಿಕ್ಕ ಇನ್ನೊಬ್ಬ ಅಭ್ಯರ್ಥಿ, ವನಜಾ ಎನ್ನುವವಳು. "ಸಾರ್, ಮೇಡಂ ನಿಮ್ಮ ನಂಬರ್ ಕೊಟ್ರು. ಎರಡು ವರ್ಷ ನಿಮ್ಮ ಊರಲ್ಲೇ ಇರ್ಬೇಕು. ಒಂದು ರೂಮ್ ಬಾಡಿಗೆಗೆ ಸಿಗುತ್ತಾ?"

ಬಾಡಿಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬೆಳಗಿನಿಂದ ಮುಖ ತಿರುಗಿಸಿ ಕೂತಿದ್ದ ಲಕ್ಷ್ಮಯ್ಯ ಫೋನು ಕಿತ್ತುಕೊಂಡ.

"ನಮ್ಮನೇಲೇ ಐತೆ ಬಾರವ್ವ! ಮೇಲ್ಗಡೆ ರೂಮು. ನಮ್ಮುಡುಗ ಅವ್ನೆ, ನಾಳೀಕೇ ಖಾಲಿ ಮಾಡುಸ್ತೀನಿ."

"ಕೆರೆಗೆ ಹತ್ರಾನಾ ಯಜಮಾನ್ರೇ?"

"ಅತ್ರಾನಾ?" ಲಕ್ಷ್ಮಯ್ಯ ಎದೆ ಸೆಟೆಸಿ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದ: "ಕೆರೆ ಒಳಗೇ ಐತೆ ಕಣವ್ವ! ನಮ್ಮನೇಗಿಂತ ಜಾಸ್ತಿ ಕೆರೆ ಬೇರೆ ಯಾರ ಮನೇಲೈತೆ ತೋರ್ಸು?"

ಭಾನುಪ್ರಕಾಶ ಮೇಲೆ ಹೋಗಿ ಹಾಸಿಗೆ ಸುತ್ತತೊಡಗಿದ.