ನಾನು ಗುರುತು ಹಿಡಿದ ಮಾತ್ರೆ

ಮಲೇರಿಯಾದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಕಡಬದ ಶಾಲೆಯಲ್ಲಿ ಆ ಪಾಠ ಮಾಡುತ್ತಿದ್ದವಳೇ ನಾನು. ಅರುವತ್ತರ ದಶಕದ ಆರಂಭ, ನಾಲ್ಕೈದು ವರ್ಷದ ಹಿಂದಿನ ಮಾತು. ಡಿಡಿಟಿ ಹೊಡೆಯುವವರು ಮನೆಮನೆಗೆ ಬರುತ್ತಿದ್ದ ಕಾಲ. ಜ್ವರದವರಿಗೆ ಅವರು ಕೊಡುತ್ತಿದ್ದ ಬಿಳಿ ಮಾತ್ರೆಯನ್ನು ಕಣ್ಣು ಮುಚ್ಚಿಕೊಂಡು ನಾಲಗೆಯಲ್ಲೇ ಗುರುತು ಹಿಡಿಯಬಲ್ಲೆ. ಆ ವಿದ್ಯೆಯೇ ನನ್ನನ್ನು ಕೆಡಿಸಿತು.

ಒಂದು ವರ್ಷ ನನಗೆ ಬಿಟ್ಟು ಬಿಟ್ಟು ಜ್ವರ, ಬೆರಳ ಗಂಟುಗಳಲ್ಲಿ ನೋವು, ಮೂಗಿನ ಎರಡೂ ಕಡೆ ಕೆಂಪು. ಮಗಳು ಸುಮಿತ್ರಾಳಿಗೆ ಜಡೆ ಹೆಣೆಯುವುದೇ ಕಷ್ಟವಾಯಿತು. ಸೊಂಟ ದಾಟುವ ಕೂದಲು ಅವಳದು. ಬೆಳಿಗ್ಗೆ ಅದನ್ನು ಬಾಚಿ ಹೆಣೆಯುವಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಇರಲಿಲ್ಲ. ಆ ಬೆರಳುಗಳಿಗಾಗಿಯೇ ಮಂಗಳೂರಿನ ದೊಡ್ಡ ಡಾಕ್ಟರರ ಬಳಿಗೆ ಹೋದದ್ದು. ಅವರು ರಕ್ತ ಪರೀಕ್ಷೆ ಮಾಡಿಸಿ, "ಲೂಪಸ್" ಎಂದರು.

"ಕನ್ನಡದಲ್ಲಿ ಎಂತ ಹೇಳುದು ಡಾಕ್ಟ್ರೆ?"

"ಕನ್ನಡದಲ್ಲಿ ಹೆಸರಿಲ್ಲಮ್ಮ. ಮಾತ್ರೆ ಬಿಡಬೇಡಿ. ಬಿಸಿಲಿಗೆ ಹೋಗಬೇಡಿ."

ಎಲ್ಲ ಗೊತ್ತಿರುವವಳ ಹಾಗೆ ತಲೆಯಾಡಿಸಿದೆ. ಹೆಸರು ಕೇಳಿದೆನೇ ಹೊರತು ರೋಗ ಎಂಥದು ಎಂದು ಕೇಳಲಿಲ್ಲ. ಕನ್ನಡದಲ್ಲಿ ಹೆಸರೇ ಇಲ್ಲದ ರೋಗ ಕಡಬದವರೆಗೆ ಬರುವುದಾದರೂ ಹೇಗೆ? ಮನೆಗೆ ಬಂದು ಪೊಟ್ಟಣ ಬಿಚ್ಚಿ, ಒಂದು ಮಾತ್ರೆ ನಾಲಗೆಗಿಟ್ಟೆ. ಅದೇ ಕಹಿ!

"ನೋಡಿ, ಮಲೇರಿಯಾ ಮಾತ್ರೆ," ಎಂದೆ ಗಂಡನಿಗೆ. "ಕಡಬದ ಕಡೆಯವರು ಅಂದ ಕೂಡ್ಲೆ ಮಲೇರಿಯಾ ಅಂತ ತೀರ್ಮಾನ ಮಾಡಿದ್ದಾರೆ."

"ದೊಡ್ಡ ಡಾಕ್ಟ್ರು ಮಾರಾಯ್ತಿ. ಇನ್ನೊಮ್ಮೆ ಹೋಗಿ ಕೇಳುವ."

"ಎಂತ ಕೇಳುದು? ನನಗೆ ನಡುಕ ಉಂಟಾ? ನಡುಕ ಇಲ್ಲದೆ ಮಲೇರಿಯಾ ಉಂಟಾ?"

ಗಂಡ ಪೇಪರು ಬಿಡಿಸಿಕೊಂಡರು. ಟೀಚರನ್ನು ಮದುವೆಯಾದವರು ಬೇಗ ಪಾಠ ಕಲಿಯುತ್ತಾರೆ.

ಹೀಗೆ ಸದರಿ ಔಷಧವನ್ನು ರದ್ದುಗೊಳಿಸಿ ಆದೇಶ ಹೊರಡಿಸಿದೆ. ಅಷ್ಟರಲ್ಲಿ ಪಕ್ಕದ ಮನೆಯ ಅವ್ವಮ್ಮನಿಗೆ ನಡುಕದ ಜ್ವರ ಬಂತು. ಪೊಟ್ಟಣ ಅವಳಿಗೆ ಕೊಟ್ಟೆ. ಕೆಲವೇ ದಿನಗಳಲ್ಲಿ ಎದ್ದು ಬಂದವಳು, "ಟೀಚರೆ, ನಿಮ್ಮ ಕೈಗುಣ" ಎಂದಳು. ಇನ್ನೇನು ಸಾಕ್ಷಿ ಬೇಕು? ಪುತ್ತೂರಿನ ಮದ್ದಿನಂಗಡಿಯಿಂದ ಇನ್ನೊಂದು ಪೊಟ್ಟಣ ತರಿಸಿದೆ. ನನಗಲ್ಲ, ಊರಿಗೆ. ಹೊಳೆಯಾಚೆಯ ಜ್ವರದವರೂ ಹುಡುಕಿಕೊಂಡು ಬಂದರು. ಎಲ್ಲರೂ ಗುಣವಾಗಿ ಹೋದರು.

ನನ್ನ ಗಂಟುನೋವಿಗೆ ಅಜ್ಜಿ ಕಾಲದ ಮದ್ದು ಇತ್ತಲ್ಲ, ಎಣ್ಣೆ ಮತ್ತು ಎಳೆಬಿಸಿಲು. ಕೈಗೆ ಎಣ್ಣೆ ತಿಕ್ಕಿಕೊಂಡು, ಅಂಗಳದಲ್ಲಿ ಹಲಸಿನ ಹಪ್ಪಳದ ಪಕ್ಕ ಕೂತೆ. ಹಪ್ಪಳ ಚೆನ್ನಾಗಿ ಒಣಗಿತು. ನನ್ನ ಮುಖ ಸುಟ್ಟ ಹಾಗೆ ಕೆಂಪಾಯಿತು, ಬೆರಳು ಊದಿತು, ಕೂದಲು ತಲೆಗಿಂತ ಬಾಚಣಿಗೆಯಲ್ಲಿ ಹೆಚ್ಚಾಯಿತು. ಬಿಸಿಲು ಸಾಲದೇನೋ ಎಂದು ಮಧ್ಯಾಹ್ನವೂ ಕೂತೆ!

ಕೊನೆಗೆ ಹಾಸಿಗೆಯಿಂದ ಏಳಲಾಗದೆ ಹೋದಾಗ ಗಂಡ ಕಾರು ಮಾಡಿ ಮಂಗಳೂರಿಗೆ ಕರೆದೊಯ್ದರು. ಡಾಕ್ಟರು ನನ್ನ ಕೈ ಹಿಡಿದು ನೋಡಿದರು.

"ಮಾತ್ರೆ ತಗೊಂಡ್ರಾ?"

"ಅದು ಮಲೇರಿಯಾದ್ದಲ್ವಾ..."

"ಹೌದು. ಲೂಪಸ್ಸಿಗೂ ಅದೇ. ಗಂಜಿಗೂ ದೋಸೆಗೂ ಅಕ್ಕಿ ಒಂದೇ ಅಲ್ವಾ ಅಮ್ಮ?" ಎಂದವರು, ಮತ್ತೆ ಹೇಳಿದರು: "ಲೂಪಸ್ ಅಂದ್ರೆ ಮೈಯ ರಕ್ಷಣೆಯೇ ಮೈಗೆ ತಿರುಗಿ ಬೀಳುದು, ಬಿಸಿಲು ಬಿದ್ರೆ ಹೆಚ್ಚಾಗ್ತದೆ. ನಾನೂ ಬಿಡಿಸಿ ಹೇಳ್ಬೇಕಿತ್ತು. ಟೀಚರ್ ಅಲ್ವಾ, ಗೊತ್ತಿರ್ತದೆ ಅಂದ್ಕೊಂಡೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ಮುಂದೆಯೇ ಅತ್ತುಬಿಟ್ಟೆ.

ಮಾತ್ರೆಗೆ ಜ್ವರ ಬಿಟ್ಟಿತು. ಸೊಟ್ಟಗಾದ ಬೆರಳು ನೆಟ್ಟಗಾಗಲಿಲ್ಲ. ಸೀಮೆಸುಣ್ಣ ಹೇಗೋ ಹಿಡಿಯುತ್ತೇನೆ, ಜಡೆಯ ಎಳೆ ಹಿಡಿಯಲಾರೆ. "ಅಮ್ಮ, ಕೂದಲು ಕತ್ತರಿಸಿಬಿಡುವ, ನಿಮಗೆ ಕಷ್ಟ" ಎಂದು ಸುಮಿತ್ರಾ ಒಂದು ದಿನ ಹೇಳಿದಳು.

ಆ ಮಾತು ಬೇಲಿಯಾಚೆ ಅವ್ವಮ್ಮನಿಗೂ ಕೇಳಿಸಿತು. ಮರುದಿನ ಬೆಳಿಗ್ಗೆ ಬಂದವಳೇ, "ಬಾ ಮಗಳೇ" ಎಂದು ಹುಡುಗಿಯನ್ನು ಮುಂದೆ ಕೂರಿಸಿಕೊಂಡಳು. ಈಗ ದಿನವೂ ಬರುತ್ತಾಳೆ. ನಾನು ಕಹಿ ಮಾತ್ರೆ ನುಂಗಿ, ನೆರಳಲ್ಲಿ ಕೂತು, ಬೈತಲೆ ಸೊಟ್ಟ ಎಂದು ತಪ್ಪು ಹುಡುಕುತ್ತೇನೆ.

ಮಾತ್ರೆ ಒಳ್ಳೆಯದೇ. ನನ್ನ ಪಾಲಿನ ಮಾತ್ರೆ ನುಂಗಿ ಎದ್ದ ಅವ್ವಮ್ಮನ ಬೆರಳು ಜಡೆಯಲ್ಲಿ ಓಡುವುದನ್ನು ನೋಡಿದರೆ ಗೊತ್ತಾಗುತ್ತದೆ.